ಊಟ ಆಯ್ತಾ, ಸೇಠ್?

ಕುಂದಾಪುರ ಠಾಣೆಯಿಂದ ಫೋನು ಬಂದಾಗ ಚಂದು ಶೆಟ್ರು ಬೀಜಾಡಿಯ ಮನೆಯ ಜಗಲಿಯಲ್ಲಿ ಕೂತು, ಮೊಬೈಲಿನಲ್ಲಿ ಕ್ರಿಪ್ಟೋ ದರ ನೋಡುತ್ತಿದ್ದರು. ಅವರು ಮಾರಿದ ಕಾಯಿನ್‌ಗೆ ಬಂದ ಹಣ ಮೋಸದ್ದಂತೆ. ಹೊರಜಿಲ್ಲೆಯ ನಿವೃತ್ತ ಟೀಚರಮ್ಮ ಒಬ್ಬರನ್ನು ಯಾರೋ ವಂಚಿಸಿ, ಆ ಹಣದಲ್ಲೇ ಶೆಟ್ರಿಂದ ಕಾಯಿನ್ ಕೊಂಡಿದ್ದ. ಅಲ್ಲಿಯ ಸೈಬರ್ ಠಾಣೆಯ ಎಸ್‌ಐ ಕುಂದಾಪುರಕ್ಕೆ ಬಂದಿದ್ದಾರೆ, ನೀವು ನಾಳೆ ಠಾಣೆಗೆ ಬರಬೇಕು ಎಂದರು. ಬ್ಯಾಂಕಿನವರು ತಮ್ಮ ಖಾತೆ ತಡೆಹಿಡಿದದ್ದು ಯಾಕೆಂದು ಶೆಟ್ರಿಗೆ ಆಗ ತಿಳಿಯಿತು.

ತಂಗಿಯ ಮಗ ಅಜಿತ್‌ಗೆ ಫೋನು ಮಾಡಿದರೆ, "ಮಾವ, ಮೊದ್ಲ್ ಆ ಕಾಯಿನ್ ತಕಂಡವ್ನ ಒಟ್ಟಿಗಿನ ಚಾಟ್ ಎಲ್ಲ ಡಿಲೀಟ್ ಮಾಡಿ" ಎಂದ.

ಹೆಂಡತಿ ಸರಸ ಪಕ್ಕದಲ್ಲೇ ನಿಂತಿದ್ದರು. "ಎಂತಕ್ಕೆ ಅಳ್ಸೂದ್? ಕಳ್ತನ ಮಾಡಿದ್ದ್ ನೀವಾ? ಇದ್ದದ್ದ್ ಇದ್ದಾಂಗೆ ತೋರ್ಸಿ. ನಾನೂ ಬತ್ತೆ."

ಶೆಟ್ರು ಅಳಿಸಲಿಲ್ಲ. ಬ್ಯಾಂಕ್ ಸ್ಟೇಟ್‌ಮೆಂಟು, ಆ್ಯಪಿನ ಲೆಕ್ಕ, ಚಾಟು ಎಲ್ಲ ಪ್ರಿಂಟ್ ತೆಗೆಸಿಕೊಂಡು ಗಂಡ ಹೆಂಡತಿ ಠಾಣೆಗೆ ಹೋದರು.

ಎಸ್‌ಐ ಯಾಮಿನಿ ಚಿಕ್ಕ ಪ್ರಾಯದವರು. ಒಂದೊಂದೇ ಹಾಳೆ ತಿರುವುತ್ತಾ ಹೋದವರು ಚಾಟಿನ ಹಾಳೆಗೆ ಬಂದು ನಿಂತರು.

"ಇವನು ಯಾರೆಂದು ಗೊತ್ತಿಲ್ಲ ಅಂತೀರಿ. ಮತ್ತೆ ಪ್ರತೀ ಸಲ 'ಊಟ ಆಯ್ತಾ, ಸೇಠ್?' ಅಂತ ಹಿಂದಿಯಲ್ಲಿ ಕೇಳಿದ್ದೀರಲ್ಲ? ಅವನೂ 'ಆಯ್ತು ಅಣ್ಣ, ನಿಮ್ಮದು?' ಅಂದಿದ್ದಾನೆ. ಗುರುತಿಲ್ಲದವರನ್ನು ಹೀಗೆ ಕೇಳ್ತಾರಾ?"

ಶೆಟ್ರಿಗೆ ಹಿಂದೆ ಮುಂಬೈಯ ಫೋರ್ಟ್ ಪೇಟೆಯ ಗಲ್ಲಿಯಲ್ಲಿ ನಡೆಸುತ್ತಿದ್ದ ತಮ್ಮ ಹೋಟೆಲು ಕಣ್ಮುಂದೆ ಬಂತು. ಮಧ್ಯಾಹ್ನವಾದರೆ ಶೇರು ದಲ್ಲಾಳಿಗಳು ಬೆವರು ಒರೆಸಿಕೊಳ್ಳುತ್ತಾ ನುಗ್ಗುತ್ತಿದ್ದರು. ಒಂದು ಮೇಜಿನವರು ದರ ಕೂಗಿದರೆ ಇನ್ನೊಂದು ಮೇಜಿನವರು ಬೈಯುತ್ತಿದ್ದರು. ಗಲ್ಲಾಪೆಟ್ಟಿಗೆಯ ಹಿಂದೆ ಕೂತ ಶೆಟ್ರು ಬಂದವರನ್ನೆಲ್ಲ ಅದೊಂದೇ ಮಾತು ಕೇಳುತ್ತಿದ್ದರು. ಆಗಿಲ್ಲ ಎಂದವನಿಗೆ ದುಡ್ಡಿರಲಿ ಇಲ್ಲದಿರಲಿ ತಟ್ಟೆ ಬರುತ್ತಿತ್ತು.

"ಮೇಡಮ್," ಎಂದರು ಕೊನೆಗೆ, "ಗುರ್ತ್ ಇದ್ದವ್ರನ್ನ್ ಮಾತ್ರ ಕೇಂಡ್ರೆ ಹೋಟ್ಲ್ ನಡೀತಿತ್ತಾ?"

ಯಾಮಿನಿ ನಗಲಿಲ್ಲ. "ಈ ವಯಸ್ಸಿನಲ್ಲಿ ಈ ವ್ಯಾಪಾರ ಯಾಕೆ? ಹಣದ ತೊಂದರೆ ಇತ್ತಾ?"

ಅದಕ್ಕೆ ಉತ್ತರ ಕೊಟ್ಟದ್ದು ಸರಸ. "ಇವ್ರಿಗೆ ಬೇಕಾದ್ದ್ ದುಡ್ಡಲ್ಲ ಮೇಡಮ್, ಗಲಾಟೆ. ದರ ಏರಿರೂ ಇಳ್ದ್ರೂ ಒಬ್ರೇ ಕೂಕಂಡ್ ಮಾತಾಡ್ತ್ರ್. ಹೋಟ್ಲ್ ಬಿಟ್ಟ್ ಬಂದ್ ಮೇಲೆ ಇವ್ರನ್ನ್ ಮಾತಾಡ್ಸುಕೆ ಇದ್ದದ್ದ್ ಆ ಮೊಬೈಲ್ ಒಂದೇ."

ಶೆಟ್ರು ತಲೆ ತಗ್ಗಿಸಿದರು. ತಾವು ಬಚ್ಚಿಟ್ಟಿದ್ದೇವೆ ಎಂದುಕೊಂಡದ್ದು ಇವಳಿಗೆ ಯಾವಾಗಲೋ ಗೊತ್ತಿತ್ತು. 'ನಿಮ್ಮದು?' ಎಂದು ಕೇಳಿದವ ಒಬ್ಬ ಟೀಚರಮ್ಮನ ಹಣ ನುಂಗಿದವ ಎಂಬುದು, ಖಾತೆ ತಡೆಹಿಡಿದದ್ದಕ್ಕಿಂತ ಹೆಚ್ಚು ಚುಚ್ಚಿತು. ಅವನ ಆ ಒಂದು ಮಾತಿಗೆ ಅವತ್ತು ಎಷ್ಟು ಹಿಗ್ಗಿದ್ದರು!

ಯಾಮಿನಿ ಹೇಳಿಕೆ ಬರೆಸಿಕೊಂಡು ಓದಿ ಹೇಳಿ ಸಹಿ ಪಡೆದರು. ಮೋಸದ ಮೊತ್ತದಷ್ಟು ಕೋರ್ಟು ತೀರ್ಮಾನಿಸುವ ತನಕ ಹಾಗೇ ಇರುತ್ತದೆ, ಉಳಿದದ್ದು ಬಿಡಿಸಲು ಬ್ಯಾಂಕಿಗೆ ಬರೆಯುತ್ತೇನೆ ಎಂದರು. ಗುರುತಿಲ್ಲದವರಿಗೆ ನೇರವಾಗಿ ಮಾರಬೇಡಿ, ಕರೆದಾಗ ಬನ್ನಿ ಎಂದೂ ಹೇಳಿದರು.

"ಆ ಹಣ ಟೀಚರಮ್ಮಂಗೆ ಕೊಡೂದಾರೆ ನಂದ್ ಅಡ್ಡಿ ಇಲ್ಲೆ. ಅದನ್ನೂ ಬರ್ಕಣಿ," ಎಂದರು ಶೆಟ್ರು. ಸರಸ ಬೇಡವೆನ್ನಲಿಲ್ಲ.

ಹಿಂತಿರುಗುವಾಗ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತ ಸರಸ ಕೇಳಿದರು: "ಹ್ವಾಯ್, ಹೋಟ್ಲ್ ಬಂದ್ ಮಾಡಿದ್ ದಿನ ಎಂತ ಆಯ್ತ್? ನೀವ್ ಹೇಳ್ಲೇ ಇಲ್ಲ್ಯೆ."

ಹೋಟೆಲು ಮುಚ್ಚುವಾಗ ಸರಸ ಊರಲ್ಲಿದ್ದರು. ಬಸ್ಸು ಕೋಟೇಶ್ವರ ತಲುಪುವವರೆಗೂ ಶೆಟ್ರು ಹೇಳಿದರು. ಕಟ್ಟಡ ಕೆಡವುವವರು ಬಾಗಿಲಲ್ಲಿ ನಿಂತದ್ದು, ಅಡುಗೆಯವರು ಪಾತ್ರೆ ಕಟ್ಟಿದ್ದು, ಮೂಲೆ ಮೇಜಿನ ಗುಜರಾತಿ ಮುದುಕ ಏಳಲು ಒಪ್ಪದೆ ಹಟ ಹಿಡಿದದ್ದು.

"ಕಡೆಗೆ ಹ್ಯಾಂಗೆ ಎದ್ದ?"

"ಆ ಕುರ್ಚಿ ನಿಂಗೇ ಇರ್ಲಿ ಅಂದೆ. ತಲೆ ಮೇಲೆ ಹೊತ್ಕಂಡ್ ಟ್ರಾಫಿಕ್ ಮಧ್ಯ ಹೋದ ಕಾಣ್! ಪೊಲೀಸ್ರ್ ಸಮೇತ ದಾರಿ ಬಿಟ್ರ್."

ಸರಸ ಎಷ್ಟು ಜೋರಾಗಿ ನಕ್ಕರೆಂದರೆ ಮುಂದಿನ ಸೀಟಿನವರು ತಿರುಗಿ ನೋಡಿದರು.