ಗುಡ್ಡ ಹತ್ತಿದ ಕಲ್ಲು

ಸೋಮನ ಕಲ್ಲು ಕರಿಕಾನಮ್ಮನ ಗುಡ್ಡದ ತುದಿಯಲ್ಲಿತ್ತು. ಸಮುದ್ರದ ತಳದಲ್ಲಿರಬೇಕಾದ ಕಲ್ಲು ಅದು. ಅದರ ಸುತ್ತ ಇಸ್ವಾಣ ಮೀನು ತಿರುಗುತ್ತಿತ್ತು, ಮತ್ತು ಅಜ್ಜನ ಕಾಲದಿಂದ ಆ ಮನೆಯ ಗಂಡಸರ ಹೊರತು ಯಾರಿಗೂ ಅದರ ಜಾಗ ಗೊತ್ತಿರಲಿಲ್ಲ. ಈಗ ಅದು ದೋಣಿಯಲ್ಲಿ ಕೂರಿಸಿದ ಪೆಟ್ಟಿಗೆಯ ಪರದೆಯ ಮೇಲೆ ಕೆಂಪು ಚುಕ್ಕಿಯಾಗಿ, ದೇವಸ್ಥಾನದ ಮೆಟ್ಟಿಲ ಪಕ್ಕದಲ್ಲಿ ನೆಮ್ಮದಿಯಿಂದ ಮಿನುಗುತ್ತಿತ್ತು.

"ಅಪ್ಪ ಈ ಸಲ ಸುಳ್ಳು ಸ್ವಲ್ಪ ಜಾಸ್ತಿಯೇ ಹಾಕಿದ," ಎಂದ ರಾಜೇಶ. "ದೋಣಿಗೆ ಇನ್ನು ಗಾಲಿ ಹಾಕ್ಸೂದೊಂದು ಬಾಕಿ."

ಮಾವಿನಕುರ್ವೆಯ ದಕ್ಕೆಗೆ ಕಟ್ಟಿದ ದೋಣಿಯಲ್ಲಿ ಕುಳಿತಿದ್ದ ಅವನ ಅಕ್ಕ ವೀಣಾ ನಗಲಿಲ್ಲ. ಪೆಟ್ಟಿಗೆ ಅವಳದು. ಹೊರಗಿನ ಕವಚ, ತಂತಿ, ಪರದೆ ಎಲ್ಲ ಕುಮಟೆಯ ಹರೀಶನ ಸಣ್ಣ ಕಾರ್ಖಾನೆಯಲ್ಲಿ ಆದದ್ದು. ಒಳಗಿನ ಬುದ್ಧಿ ಇವಳು ಬರೆದದ್ದು. ದೋಣಿ ಎಲ್ಲಿದೆ, ಕೆಳಗೆ ನೀರೆಷ್ಟು ಆಳ, ಮೀನಿನ ಜಾಗ ಯಾವ ದಿಕ್ಕಿಗೆ ಎಂದು ಪೆಟ್ಟಿಗೆ ತೋರಿಸುತ್ತಿತ್ತು. ಮೀನಿನ ಜಾಗದ ಗುರುತುಗಳನ್ನು ಮಾತ್ರ ಬೀಗ ಹಾಕಿ ಇಡುತ್ತಿತ್ತು. ದೋಣಿ ನಡೆಸುವ ತಾಂಡೇಲ ತನ್ನ ಗುಟ್ಟಿನ ಅಂಕಿ ಒತ್ತಿದರಷ್ಟೇ ಅವು ಕಾಣಿಸುತ್ತಿದ್ದವು. ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದಂದಿನಿಂದ ಅವಳ ಅಪ್ಪ ಸೋಮನ ದೋಣಿಯಲ್ಲಿ ಅದರ ಪರೀಕ್ಷೆ ನಡೆದಿತ್ತು. ಮುಂದಿನ ಗುರುವಾರ ಮೀನುಗಾರರ ಸಂಘದ ಸಭೆ. ಎಲ್ಲ ದೋಣಿಗಳಿಗೂ ಇದನ್ನು ಹಾಕಿಸುವುದೋ ಬೇಡವೋ ಎಂದು ಅಂದೇ ತೀರ್ಮಾನ. ಎಲ್ಲ ಸರಿಯಾಗಿದೆ ಎಂದು ವೀಣಾ ವಾರವಾರವೂ ಹರೀಶನಿಗೆ ಹೇಳುತ್ತ ಬಂದಿದ್ದಳು.

ಸರಿಯಾಗಿದೆ ಎಂದು ಅವಳಿಗೆ ಅನ್ನಿಸಿದ್ದಕ್ಕೆ ಕಾರಣ ಅವಳ ಮನೆಯವರೇ. ಕಡಲಿಗೆ ಹೋಗುವವನು ತನ್ನ ಕಲ್ಲನ್ನು ಯಾರಿಗೂ ಹೇಳುವುದಿಲ್ಲ. ಹೆಂಡತಿಗೆ ಹೇಳುವುದಿಲ್ಲ, ಅವಳ ತವರಲ್ಲೂ ದೋಣಿಯಿರುತ್ತದೆ. ಮಗಳಿಗೆ ಹೇಳುವುದಿಲ್ಲ, ಅವಳು ನಾಳೆ ಇನ್ನೊಂದು ದೋಣಿಯ ಮನೆ ಸೇರುವವಳು. ಮಗ ಜತೆಗೇ ಬರುತ್ತಾನಾದ್ದರಿಂದ ಅವನಿಂದ ಮುಚ್ಚಿಡುವುದು ಸಾಧ್ಯವಿಲ್ಲ, ಅದೊಂದು ಬೇಸರ. ಇಂಥ ಸೋಮ ಪೆಟ್ಟಿಗೆಗೆ ನಿಜ ಹೇಳುತ್ತಾನೆಯೇ? ಕಲ್ಲನ್ನು ಒಂದಷ್ಟು ತೆಂಕಕ್ಕೆ ಸರಿಸಿ ಹಾಕಿದ್ದ. ಅಪ್ಪನ ಸುಳ್ಳು ಸಾಲದೆಂದು ಮಗ, ಅಪ್ಪ ಅಂಕಿ ಒತ್ತುವುದನ್ನು ಕದ್ದು ನೋಡಿ, ಅದನ್ನು ಇನ್ನೊಂದಷ್ಟು ಪಡುವಕ್ಕೆ ಸರಿಸಿದ್ದ. ಆಮೇಲೆ ಚುಕ್ಕಿ ತಾನಾಗಿಯೇ ಅತ್ತಿತ್ತ ಸರಿದಾಡತೊಡಗಿದಾಗ ಅಪ್ಪ ಇದು ಮಗನ ಕೆಲಸವೆಂದೂ ಮಗ ಇದು ಅಪ್ಪನ ಕೆಲಸವೆಂದೂ ತಿಳಿದು, ಒಬ್ಬರ ಜಾಣತನವನ್ನು ಒಬ್ಬರು ಮನಸ್ಸಿನಲ್ಲೇ ಮೆಚ್ಚಿಕೊಂಡು ಸುಮ್ಮನಿದ್ದರು. ದೋಣಿಯನ್ನಂತೂ ಅವರು ದಡದ ಯಾವ ಗುರುತು ಯಾವ ಗುಡ್ಡದ ಹಿಂದೆ ಮರೆಯಾಗುತ್ತದೆಂದು ನೋಡಿಯೇ ನಡೆಸುತ್ತಿದ್ದರು. ಪೆಟ್ಟಿಗೆ ಇದ್ದದ್ದು ಮಗಳ ಸಮಾಧಾನಕ್ಕೆ.

ಬಲೆಯ ಮೇಲೆ ಒರಗಿ ಬೀಡಿ ಸೇದುತ್ತಿದ್ದ ಸೋಮ ಪರದೆಯನ್ನು ಬಗ್ಗಿ ನೋಡಿದ.

"ನಾ ಸುಳ್ಳು ಹಾಕಿದ್ದು ಹೌದು," ಎಂದ. "ಆದ್ರೆ ಸಮುದ್ರದೊಳಗೇ ಹಾಕಿದ್ದು."

ವೀಣಾ ಪೆಟ್ಟಿಗೆಯನ್ನು ಬಿಚ್ಚಿ ಎದೆಗವಚಿಕೊಂಡು ಮನೆಗೆ ನಡೆದಳು. ನಡೆದಳು ಎನ್ನುವುದಕ್ಕಿಂತ ಓಡಿದಳು.

ಜಗಲಿಯಲ್ಲಿ ಕೂತು, ಊರಿಗೆಲ್ಲ ಗೊತ್ತಿರುವ ದಕ್ಕೆಯನ್ನೇ ಒಂದು ಗುರುತಾಗಿ ಹಾಕಿದಳು. ಬೀಗ ಹಾಕಿ ತೆರೆದಾಗ ಚುಕ್ಕಿ ದಕ್ಕೆಯಲ್ಲೇ ಇತ್ತು. ಆಮೇಲೆ ಸಮುದ್ರದಲ್ಲಿ ಮಾಡುವಂತೆ ಆಳ ನೋಡುವ ಕೆಲಸವನ್ನೂ ಕೊಟ್ಟು, ಪೆಟ್ಟಿಗೆಗೆ ಉಸಿರು ಕಟ್ಟುವಷ್ಟು ಲೆಕ್ಕ ಹೇರಿ ಮತ್ತೆ ತೆರೆದಳು. ದಕ್ಕೆ ಶಿರಾಲಿಯ ಗದ್ದೆಗೆ ಇಳಿದಿತ್ತು. ಇನ್ನೊಮ್ಮೆ ತೆರೆದರೆ ಸಂತೆಗುಳಿಯ ಯಾರದೋ ತೋಟದಲ್ಲಿತ್ತು. ಭಯವಾಗಬೇಕಾದ ಜಾಗದಲ್ಲಿ ಅವಳಿಗೆ ಮೊದಲು ಆದದ್ದು ಖುಷಿ. ಕಳ್ಳ ಮನೆಯೊಳಗೇ ಇದ್ದಾನೆ, ಹೆಜ್ಜೆಯ ಸದ್ದು ಕೇಳುತ್ತಿದೆ, ಇನ್ನು ಹಿಡಿಯುವುದಷ್ಟೇ. ಮೀನಿನ ಬುಟ್ಟಿ ತೊಳೆಯುತ್ತಿದ್ದ ಅವಳ ತಾಯಿ ಕಮಲಿ, ಮಗಳು ಒಬ್ಬಳೇ ಚಪ್ಪಾಳೆ ತಟ್ಟುವುದನ್ನು ಕಂಡು, ಈ ವರ್ಷವಾದರೂ ಮದುವೆ ಮಾಡಬೇಕೆಂದು ನೂರನೆಯ ಸಲ ನಿಶ್ಚಯಿಸಿದಳು.

ಪ್ರೊಸೆಸರ್ ಎಂಬುದು ಕೆಲಸ ಹೆಚ್ಚಿದಾಗ ಓಡಬೇಕು, ಇಲ್ಲದಾಗ ನಡೆಯಬೇಕು. ಓಡಲು ಹೆಚ್ಚು ವೋಲ್ಟೇಜ್ ಬೇಕು, ನಡೆಯಲು ಕಡಿಮೆ ಸಾಕು. ಬ್ಯಾಟರಿ ಉಳಿಯುವುದೇ ಹಾಗೆ. ಯಾವ ವೇಗಕ್ಕೆ ಎಷ್ಟು ವೋಲ್ಟೇಜ್ ಎಂದು ನೋಡಿಕೊಳ್ಳುವುದು ಕರ್ನೆಲ್, ಪೆಟ್ಟಿಗೆಯ ಒಳಗಿನ ಯಜಮಾನ. ಓಡುವಾಗಲೇ ವೋಲ್ಟೇಜನ್ನು ಪೂರ್ತಿ ಇಳಿಸಿದರೆ ಪ್ರೊಸೆಸರ್ ಬಿದ್ದು ಸಾಯುತ್ತದೆ, ಅದು ಒಳ್ಳೆಯದೇ, ನಾಲ್ಕು ಜನಕ್ಕೆ ಗೊತ್ತಾಗುತ್ತದೆ. ಸ್ವಲ್ಪವೇ ಇಳಿಸಿದರೆ ಸಾಯುವುದಿಲ್ಲ. ಲೆಕ್ಕ ತಪ್ಪುತ್ತದೆ, ತಪ್ಪಿದ್ದನ್ನು ಮುಖ ಬಾಡಿಸದೆ ಹೇಳುತ್ತದೆ. ಗುರುತಿಗೆ ಬೀಗ ಹಾಕುವುದೂ ತೆರೆಯುವುದೂ ಅಂಥ ಲೆಕ್ಕವೇ. ವೀಣಾ ವೋಲ್ಟೇಜ್ ಅಳೆದು ನೋಡಿದಳು. ಅವಳು ಬರೆದಿಟ್ಟದ್ದಕ್ಕಿಂತ ಕೆಳಗಿತ್ತು. ಯಾರೋ ಕೈಹಾಕಿದ್ದರು.

"ಎಂತ ಹಾಕಿದ್ಯೋ ಇದ್ಕೆ?" ಎಂದು ಕೇಳಿದಳು, ಊಟಕ್ಕೆ ಕೂತ ತಮ್ಮನನ್ನು.

ರಾಜೇಶ ಬಂಗಡೆಯ ಮುಳ್ಳು ತೆಗೆಯುವುದರಲ್ಲಿ ಇಲ್ಲದ ಶ್ರದ್ಧೆ ತೋರಿಸಿದ. "ಎಂತೂ ಇಲ್ವೆ ಅಕ್ಕ. ಬ್ಯಾಟರಿ ಉಳಿಸೂದು ಒಂದು. ಭಟ್ಕಳದಲ್ಲಿ ಮೊಬೈಲ್ ರಿಪೇರಿಯವ ಹಾಕಿಕೊಟ್ಟ. ನಿನ್ನ ಪೆಟ್ಟಿಗೆಯಿಂದ್ಲೇ ನಾ ಫೋನೂ ಚಾರ್ಜ್ ಮಾಡ್ತಿದ್ದೆ, ಅಷ್ಟು ಗನಾ ಬ್ಯಾಟರಿ ಬರ್ತಿತ್ತು."

ಅವನಿಗೆ ಎರಡು ಬಿಗಿಯಬೇಕೆಂದು ಎತ್ತಿದ ಕೈ ಅರ್ಧಕ್ಕೇ ನಿಂತಿತು. ಭಟ್ಕಳದ ಆ ಪ್ರೋಗ್ರಾಮ್ ನೇರ ಒಳಗೆ ಬಂದು ವೋಲ್ಟೇಜನ್ನು ಇಳಿಸಿದ್ದು ಹೌದು. ಬಾಗಿಲು ತೆರೆದಿಟ್ಟದ್ದು ಯಾರು? ಪರೀಕ್ಷೆಗೆ ಅನುಕೂಲವಾಗಲೆಂದು, ಯಾವ ಪ್ರೋಗ್ರಾಮ್ ಕೇಳಿದರೂ ವೋಲ್ಟೇಜ್ ಬದಲಿಸಬಹುದಾದ ದಾರಿಯೊಂದನ್ನು ಅವಳೇ ಬಿಟ್ಟಿದ್ದಳು, ಮುಚ್ಚಲು ಮರೆತಿದ್ದಳು. ಮರುಕ್ಷಣ ಇನ್ನೊಂದು ಹೊಳೆಯಿತು. ಲೆಕ್ಕವನ್ನು ಬೇಕಾದಾಗ ತಪ್ಪಿಸಬಲ್ಲವನು, ತಪ್ಪಿದ ಉತ್ತರಗಳನ್ನು ಸರಿಯಾದವುಗಳ ಪಕ್ಕದಲ್ಲಿಟ್ಟು ನೋಡುತ್ತ ಬೀಗದ ಕೀಲಿಯನ್ನೇ ಹೊರಗೆಳೆಯಬಲ್ಲ. ಕೈ ಹಾಕಿದವನು ದಡ್ಡನಾದ್ದರಿಂದ ಕಲ್ಲು ಗುಡ್ಡ ಹತ್ತಿತು. ಜಾಣನಾಗಿದ್ದರೆ ಕಲ್ಲು ನೀರೊಳಗೇ ಇದ್ದು ಮಾಲಿಕ ಬದಲಾಗುತ್ತಿದ್ದ. ಗುರುತು ಕದಿಯಲು ಬ್ರಹ್ಮನಿಂದಲೂ ಆಗದು ಎಂದು ಸಂಘದ ಹಿಂದಿನ ಸಭೆಯಲ್ಲಿ ಅವಳು ಅಪ್ಪನ ಹಳೆಯ ಎದುರಾಳಿ ಲಿಂಗಪ್ಪನ ಮುಖಕ್ಕೇ ಹೇಳಿದ್ದಳು.

ಮುಂದಿನ ದಿನಗಳಲ್ಲಿ ವೀಣಾ ಮನೆಯಲ್ಲಿದ್ದೂ ಇರಲಿಲ್ಲ. ಹೊಳೆ ಕಡಲು ಸೇರುವ ಅಳಿವೆ ದಾಟುವಾಗ ದೋಣಿಯಲ್ಲಿ ಒಂದು ಪದ್ಧತಿಯಿದೆ. ಅಲೆ ಒಡೆಯುವ ಜಾಗದಲ್ಲಿ ಇಂಜಿನ್ನಿಗೆ ಹೇಳುವವನು ತಾಂಡೇಲ ಒಬ್ಬನೇ. ಉಳಿದವರು ಕೂಗಿಕೊಂಡರೂ, ಮಾವನೇ ಆದರೂ, ಇಂಜಿನ್ ಬದಿ ಕೂತವನು ಕಿವುಡ. ಅವಳು ಕರ್ನೆಲ್‌ಗೂ ಅದೇ ಕಟ್ಟುಪಾಡು ಬರೆದಳು. ಇನ್ನು ವೋಲ್ಟೇಜ್ ಮುಟ್ಟುವ ಅಧಿಕಾರ ಅದಕ್ಕೊಂದಕ್ಕೇ. ಬೇರೆ ಪ್ರೋಗ್ರಾಮುಗಳು ಕೇಳಬಹುದು, ಆದರೆ ಒಪ್ಪಿತವಾದ ವೇಗ ಮತ್ತು ವೋಲ್ಟೇಜಿನ ಜೋಡಿಗಳಾಚೆ ಕೇಳಿದರೆ ಉತ್ತರವಿಲ್ಲ. ವೇಗ ಏರಿಸುವಾಗ ಮೊದಲು ವೋಲ್ಟೇಜ್ ಏರಬೇಕು, ಇಳಿಸುವಾಗ ಮೊದಲು ವೇಗ ಇಳಿಯಬೇಕು. ನಡುವೆ ಒಂದು ಕ್ಷಣವೂ ಪ್ರೊಸೆಸರ್ ಹಸಿದ ಹೊಟ್ಟೆಯಲ್ಲಿ ಓಡಬಾರದು. ಬರೆದು ಮುಗಿಸಿ ರಾಜೇಶನನ್ನೂ ಅವನ ಭಟ್ಕಳದ ಪ್ರೋಗ್ರಾಮನ್ನೂ ಕರೆದು, ಒಡೆದು ತೋರಿಸು ಎಂದಳು. ಅವನು ಪ್ರಾಮಾಣಿಕವಾಗಿ ಒದ್ದಾಡಿದ. ದಕ್ಕೆ ದಕ್ಕೆಯಲ್ಲೇ ಇತ್ತು. ವೀಣಾ ತಮ್ಮನ ಬೆನ್ನಿಗೆ ಬಾಕಿ ಇದ್ದದ್ದನ್ನು ಸಂತೋಷಕ್ಕಾಗಿ ಗುದ್ದಿದಳು.

ಗುರುವಾರದ ಸಭೆಯಲ್ಲಿ ಅವಳು ನಡೆದದ್ದನ್ನೆಲ್ಲ ಹೇಳಿಬಿಟ್ಟಳು. ಗುಡ್ಡದ ಸುದ್ದಿಗೆ ಜನ ಹೊಟ್ಟೆ ಹಿಡಿದು ನಕ್ಕರು. ನಗದೆ ಕೂತವನು ಲಿಂಗಪ್ಪ. ಎರಡು ದೋಣಿಯ ಯಜಮಾನ. ಸೋಮನ ಕಲ್ಲನ್ನು ಹುಡುಕುತ್ತ ಅರ್ಧ ಆಯುಷ್ಯ ಕಳೆದವನು.

"ದಕ್ಕೆ ಕದಿಯೂಕೆ ಯಾರು ಬರ್ತ್ರು ಮಗಾ," ಎಂದ ಅವನು, ಬಹಳ ಪ್ರೀತಿಯಿಂದ. "ನಿನ್ನ ಅಪ್ಪ ಖರೆ ಕಲ್ಲು ಇದ್ರೊಳಗೆ ಹಾಕ್ಲಿ. ಪೆಟ್ಟಿಗೆ ಎಂಟು ದಿನ ನನ್ನ ಹತ್ರ ಇರ್ಲಿ. ನಾ ಬೇಕಾದವ್ರಿಗೆ ತೋರಿಸ್ತೆ. ಆಮೇಲೂ ಅದು ಬಾಯಿ ಬಿಡ್ಲಿಲ್ಲ ಅಂದ್ರೆ, ಮೊದ್ಲು ನನ್ನ ದೋಣಿಗೇ ಹಾಕು."

ಸಭೆ ಸೋಮನ ಕಡೆ ತಿರುಗಿತು. ಅವನು ಬೀಡಿ ಹುಡುಕಿಕೊಳ್ಳುತ್ತ ಎದ್ದು ಹೋದ.

ಅಂದು ಮನೆಯಲ್ಲಿ ಯಾರೂ ಅವನನ್ನು ಒತ್ತಾಯಿಸಲಿಲ್ಲ. ವೀಣಾಗೆ ಕೇಳಲು ಬಾಯಿಯೇ ಬರಲಿಲ್ಲ. ಬೀಗದಲ್ಲಿ ತಾನು ಕಾಣದ ಇನ್ನೊಂದು ಬಿರುಕಿದ್ದರೆ? ಹೋಗುವುದು ಪೆಟ್ಟಿಗೆಯ ಮರ್ಯಾದೆಯಲ್ಲ, ಮೂರು ತಲೆಮಾರಿನ ಅನ್ನ. ಕಮಲಿಯೇ ಅನ್ನ ಬಡಿಸುತ್ತ ಗೋಡೆಗೆ ಹೇಳುವವಳಂತೆ ಹೇಳಿದಳು: "ಇಷ್ಟು ವರ್ಷ ಸಂಸಾರ ಮಾಡಿದ ನಂಗೇ ಹೇಳ್ಲಿಲ್ಲ. ಪೆಟ್ಟಿಗೆಗೆ ಹೇಳ್ತ್ರಾ?"

ಸೋಮ ಮಗಳನ್ನು ನೋಡಿದ. "ಅದ್ರ ಬೀಗ ನೀ ಹಾಕಿದ್ದಾ, ಆ ಹರೀಶ ಹಾಕಿದ್ದಾ?"

"ನಾ ಹಾಕಿದ್ದು."

"ಗಟ್ಟಿ ಅದ್ಯಾ?"

"ನಂಗೆ ಗೊತ್ತಿದ್ದ ಬಾಗ್ಲೆಲ್ಲ ಮುಚ್ಚಿದ್ದೆ ಅಪ್ಪ."

"ಆತು," ಎಂದು ಅವನು ಕೈ ತೊಳೆಯಲು ಎದ್ದ.

ಮರುದಿನ ಬೆಳಗ್ಗೆ ಅವನು ಪೆಟ್ಟಿಗೆಯನ್ನು ದೋಣಿಗೆ ಒಯ್ದು, ಊರಿಗೆಲ್ಲ ಬೆನ್ನು ಮಾಡಿ ಕೂತು, ದಪ್ಪ ಬೆರಳಿನಿಂದ ಒಂದೊಂದೇ ಅಂಕಿ ಒತ್ತಿದ. ಆಮೇಲೆ ಲಿಂಗಪ್ಪನೆದುರು ಬೊಗಸೆಯಲ್ಲಿ ಕಡಲ ನೀರು ಹಿಡಿದು, ಖರೆಯದೇ ಹಾಕಿದ್ದು ಎಂದು ಹೇಳಿ ನೀರು ಬಿಟ್ಟ. ಮೀನಿನ ಜಾಗದ ವಿಷಯದಲ್ಲಿ ಆ ಊರಲ್ಲಿ ಯಾರ ಮಾತನ್ನೂ ಯಾರೂ ನಂಬುವುದಿಲ್ಲ. ಆದರೆ ಆ ನೀರು ಹಿಡಿದು ಸುಳ್ಳು ಹೇಳಿದವನು ಈವರೆಗೆ ಹುಟ್ಟಿಲ್ಲ.

ಆ ಎಂಟು ದಿನ ಪೆಟ್ಟಿಗೆ ನೆಂಟರ ಮನೆ ತಿರುಗಿದಂತೆ ತಿರುಗಿತು. ಭಟ್ಕಳದ ರಿಪೇರಿ ಅಂಗಡಿಯಲ್ಲಿ ಕಂಡೆವೆಂದು ಒಬ್ಬರು, ಕುಮಟೆಯಲ್ಲಿ ಯಾರೋ ಕಂಪ್ಯೂಟರ್ ಕಲಿತವರ ಮನೆಯಲ್ಲಿ ಎಂದು ಇನ್ನೊಬ್ಬರು. ವೀಣಾ ಅನ್ನ ಕಲಸಿ ಉಣ್ಣದೆ ಏಳುತ್ತಿದ್ದಳು. ಲಿಂಗಪ್ಪನ ದೋಣಿಗಳು ಬೆಳಗ್ಗೆ ಯಾವ ದಿಕ್ಕಿಗೆ ಹೊರಟವೆಂದು ನೋಡಲು ದಕ್ಕೆಗೆ ಹೋಗುತ್ತಿದ್ದಳು. ಅವು ದಿನವೂ ಬೇರೆ ಬೇರೆ ದಿಕ್ಕಿಗೆ ಹೋದವು. ಹುಡುಕುವವರು ಹೋಗುವುದು ಹಾಗೆಯೇ.

ಒಂಬತ್ತನೆಯ ದಿನ ಲಿಂಗಪ್ಪ ಪೆಟ್ಟಿಗೆ ತಂದಿಟ್ಟು, "ನನ್ನದ್ಕೆ ಯಾವಾಗ ಹಾಕ್ತೆ?" ಎಂದಷ್ಟೇ ಕೇಳಿದ. ಯಾರು ಯಾವಾಗ ವೋಲ್ಟೇಜ್ ಇಳಿಸಲು ನೋಡಿದರೆಂಬುದನ್ನು ಕರ್ನೆಲ್ ಒಳಗೆ ಬರೆದಿಟ್ಟುಕೊಂಡಿತ್ತು. ನಿರಾಕರಿಸಲಾಗಿದೆ, ನಿರಾಕರಿಸಲಾಗಿದೆ ಎಂದು ಸಾಲು ಸಾಲಾಗಿ ಇಳಿದು ಬಂದದ್ದನ್ನು ವೀಣಾ ಓದಿದಳು. ಮುಗಿದ ಮೇಲೆ ಮತ್ತೆ ಮೊದಲಿಂದ ಓದಿದಳು.

ಆ ದಿನವೇ ಅವಳೂ ದೋಣಿ ಹತ್ತಿದಳು. ಹೆಂಗಸರು ಹತ್ತುವ ರೂಢಿಯಿಲ್ಲ ಎಂದು ಕಮಲಿ ನೆನಪಿಸಿದಳು, ಯಾರೂ ಕೇಳಿಸಿಕೊಳ್ಳಲಿಲ್ಲ. ಅಳಿವೆಯಲ್ಲಿ ಮೂರು ಅಲೆ ದೋಣಿಯನ್ನು ಎತ್ತಿ ಕುಕ್ಕಿದವು. ಸೋಮನ ಕೈ ಏಳುವವರೆಗೆ ರಾಜೇಶ ಇಂಜಿನ್ ಮುಟ್ಟಲಿಲ್ಲ, ಎದ್ದಾಗ ಒಮ್ಮೆಲೇ ಬಿಟ್ಟ. ಆಚೆಗೆ ನೀಲಿ ನೀರು. ವೀಣಾ ಪರದೆಗೇ ಅಂಟಿಕೊಂಡಿದ್ದಳು. ಹಸಿರು ದೋಣಿ ಕೆಂಪು ಚುಕ್ಕಿಯ ಕಡೆ ತೆವಳಿತು, ಮುಟ್ಟಿತು. ಆಳ ತೋರಿಸುವ ಗೆರೆ ಸಪಾಟಾಗಿದ್ದದ್ದು ಒಮ್ಮೆಲೇ ಗೋಡೆಯಂತೆ ಎದ್ದು ನಿಂತಿತು. ಕೆಳಗೆ ಕಲ್ಲು. ರಾಜೇಶ ಬಿಟ್ಟ ಗಾಳದ ಹಗ್ಗ ಕ್ಷಣದಲ್ಲೇ ಬಿಗಿದು ಕೈ ಕೊಯ್ದಿತು.

"ಅಪ್ಪ, ಇಲ್ಲೇ ಅದೆ," ಎಂದಳು ವೀಣಾ.

ತೆಂಕಿನಿಂದ ಇನ್ನೊಂದು ಇಂಜಿನ್ನಿನ ಸದ್ದು ಬರುತ್ತಿತ್ತು. ಲಿಂಗಪ್ಪನ ದೋಣಿ, ತೀರ ಆಕಸ್ಮಿಕವಾಗಿ ಎಂಬಂತೆ. ಸೋಮ ಹೆಗಲ ಮೇಲಿನ ಪಂಜಿ ತೆಗೆದು ಪರದೆಯ ಮೇಲೆ ಹೊದೆಸಿದ.

"ಮುಚ್ಚಿದ್ರೆ ನಾ ಹ್ಯಾಂಗೆ ನೋಡೂದು?"

ಸೋಮ ಅವಳ ಗಲ್ಲ ಹಿಡಿದು ಮುಖವನ್ನು ದಡದ ಕಡೆ ತಿರುಗಿಸಿದ. ಬಿಸಿಲಲ್ಲಿ ಬಿಳಿ ಗೆರೆಯಂತೆ ನಿಂತಿದ್ದ ದೀಪಸ್ತಂಭ, ದೋಣಿ ತೂಗಿದಂತೆ, ಬಸವರಾಜದುರ್ಗದ ನಡುಗಡ್ಡೆಯ ಹಿಂದೆ ನಿಧಾನವಾಗಿ ಸರಿಯುತ್ತಿತ್ತು.