ಎಲ್ಲರ ಫೋನಿನಿಂದಲೂ

'ಗೊತ್ತಿಲ್ಲ' ಎಂಬ ಮಾತು ವಸುಧಾ ನೇರೂರ್ಕರ್ ಬಾಯಿಂದ ಬಂದದ್ದನ್ನು ಕೊಂಕಣದ ಬಂದರು ಮಾಲವಣದಲ್ಲಿ ಯಾರೂ ಕೇಳಿದವರಿಲ್ಲ. ಮೂವತ್ತೊಂದು ವರ್ಷದಿಂದ ಶಾಲೆಯ ಗ್ರಂಥಪಾಲಕಿ. ಯಾವ ಪುಸ್ತಕ ಯಾವ ಕಪಾಟಿನ ಎಷ್ಟನೆಯ ಸಾಲಿನಲ್ಲಿದೆ ಎಂದು ಕಣ್ಣು ಮುಚ್ಚಿಕೊಂಡು ಹೇಳುವವಳು. ಇಂಥವಳ ಕೈಗೆ ಗಣಪತಿ ಹಬ್ಬಕ್ಕೆ ಬಂದ ಮಗಳು ಒಂದು ಸ್ಮಾರ್ಟ್‌ಫೋನು ಕೊಟ್ಟು ಹೋದಳು. ಅದೇ ತಿಂಗಳು, ಇನ್ನು ನೋಟೀಸುಗಳನ್ನು ಬೋರ್ಡಿಗೆ ಅಂಟಿಸುವುದು ಬೇಡ, ಪಾಲಕರ ವಾಟ್ಸಾಪ್ ಗುಂಪಿಗೆ ಹಾಕಿ ಎಂದು ಹೆಡ್‌ಮಾಸ್ತರರ ಅಪ್ಪಣೆಯೂ ಆಯಿತು. ವಸುಧಾ 'ಅದೇನು ಮಹಾ' ಎಂದುಬಿಟ್ಟಳು. ಮನೆಗೆ ಬಂದು ಫೋನನ್ನು ತಿರುವಿ ಮುರುವಿ ನೋಡಿದಳು. ತಲೆಬುಡ ತಿಳಿಯಲಿಲ್ಲ.

ಕಲಿಸಿದವಳು ಒಂಬತ್ತನೆಯ ತರಗತಿಯ ಪ್ರಣಾಲಿ ಕುಬಲ್. ಕಲಿಸು ಎಂದು ವಸುಧಾ ಕೇಳಲಿಲ್ಲ, ಅದು ಅವಳ ಜಾಯಮಾನವೇ ಅಲ್ಲ. ಊಟದ ಬಿಡುವಿನಲ್ಲಿ ಹುಡುಗಿಯನ್ನು ಕರೆದು, ಈ ಕನ್ನಡಕದಲ್ಲಿ ಸಣ್ಣಕ್ಷರ ಕಾಣುವುದಿಲ್ಲ, ನೀನೇ ಒತ್ತು ಎನ್ನುವಳು. ಪ್ರಣಾಲಿ ಜಾಣೆ. ತಾನು ಒತ್ತದೆ, ಎಲ್ಲಿ ಒತ್ತಬೇಕೆಂದು ತೋರಿಸಿ ಸುಮ್ಮನೆ ನಿಲ್ಲುವಳು. ಫೋಟೋ ತೆಗೆಯುವುದು, ಗುಂಪಿಗೆ ಕಳಿಸುವುದು, ಹೀಗೆ ಒಂದೊಂದಾಗಿ ಬಂತು. ವಸುಧಾ ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಮನೆಯಲ್ಲಿ ಗುಟ್ಟಾಗಿ ಉರು ಹೊಡೆಯುತ್ತಿದ್ದಳು.

ಹುಡುಗಿಗೂ ಒಂದು ಗುಟ್ಟಿತ್ತು. ಅವಳು 'ಆಯಿ' ಎಂದು ಕರೆಯುವ ತಾಯಿ ಸುಗಂಧಾ ಮೀನು ಮಾರುವವಳು. ಹದಿನೆಂಟು ವರ್ಷದಿಂದ ವಸುಧಾಳ ಓಣಿಗೆ ಬುಟ್ಟಿ ಹೊತ್ತು ಬರುವವಳು, ಬಂಗಡೆ ಹಳತಾಗಿದ್ದರೆ 'ಇವತ್ತು ಬೇಡ ವೈನಿ' ಎಂದು ಅತ್ತಿಗೆಗೆ ಹೇಳಿದ ಹಾಗೆ ತಾನೇ ಹೇಳಿಬಿಡುವ ಹೆಂಗಸು. ದೀಪಾವಳಿಗೆ ಮೀನುಗಾರ ಹೆಂಗಸರ ಸಂಘಕ್ಕೆ ಅವಳೇ ಅಧ್ಯಕ್ಷೆಯಾಗಲಿ ಎಂದು ಬಂದರಿನವರೆಲ್ಲ ಒಪ್ಪಿದ್ದರು, ಮಂದಾ ತಾಂಡೇಲ್ ಒಬ್ಬಳನ್ನು ಬಿಟ್ಟು. ಮಂದಾಳಿಗೂ ಆ ಕುರ್ಚಿಯ ಮೇಲೆ ಕಣ್ಣಿತ್ತು. ಸುಗಂಧಾಳಿಗೆ ಓದು ಬಾರದು. ಸಹಿಯನ್ನು ರಂಗೋಲಿ ಎಳೆದ ಹಾಗೆ ಕಲಿತಿದ್ದಳು, ಯಾರಾದರೂ ಕಾಗದ ಮುಂದೆ ಹಿಡಿದರೆ ಕನ್ನಡಕ ಮರೆತೆ ಎಂದು ಜಾರಿಕೊಳ್ಳುತ್ತಿದ್ದಳು. ಅಧ್ಯಕ್ಷೆಯಾದ ಮೇಲೆ ಸರ್ಕಾರದ ಕಾಗದ ಓದದೆ ನಡೆಯುತ್ತದೆಯೇ? ಅದಕ್ಕೇ ಮಗಳು ಒಂದನೆಯ ತರಗತಿಯ ಅಕ್ಷರದ ಪುಸ್ತಕ ಬೇಕೆಂದು, ಯಾರಿಗೂ ತಿಳಿಯಬಾರದೆಂದು ಕೇಳಿಕೊಂಡಳು. ಪ್ರೌಢಶಾಲೆಯವರಿಗೆ ಅದನ್ನು ಕೊಡುವ ನಿಯಮವಿಲ್ಲ. ವಸುಧಾ ಕೊಟ್ಟಳು. ಆದರೆ ಕಾರಣ ಬರೆಯದೆ ಬಿಡುವ ಪೈಕಿ ಅವಳಲ್ಲ. ರಿಜಿಸ್ಟರಿನ ಷರಾ ಕಾಲಮ್ಮಿನಲ್ಲಿ ದುಂಡಗೆ ಬರೆದಳು: 'ತಾಯಿಗೆ ಅಕ್ಷರ ಕಲಿಸಲು, ವಿಶೇಷ ಅನುಮತಿ.'

ಅಕ್ಟೋಬರಿನ ಒಂದು ಶನಿವಾರ ಮೂರು ಗಂಟೆಗೆ ಪಾಲಕರ ಸಭೆ. ಬಾಕಿ ಪುಸ್ತಕಗಳನ್ನು ಬರುವಾಗಲೇ ತರಲಿ ಎಂದು ಅಂದು ಊಟಕ್ಕೆ ಮುಂಚೆ ವಸುಧಾಳಿಗೆ ಹೊಳೆಯಿತು. ರಿಜಿಸ್ಟರಿನ ಪುಟವನ್ನು ಕಿಟಕಿಯ ಬೆಳಕಿಗೆ ಹಿಡಿದು, ನೆರಳು ಬೀಳದ ಹಾಗೆ ಫೋಟೋ ತೆಗೆದು, ಯಾರ ಸಹಾಯವೂ ಇಲ್ಲದೆ ಮೊದಲ ಸಲ ಗುಂಪಿಗೆ ಕಳಿಸಿದಳು. ಹೆಬ್ಬೆರಳಿನ ಚಿತ್ರಗಳು ಬರತೊಡಗಿದವು. ಅವಳಿಗೆ ಹಿಗ್ಗೋ ಹಿಗ್ಗು. ಡಬ್ಬಿ ಬಿಚ್ಚಿ ಅಕ್ಕಿಹಿಟ್ಟಿನ ಘಾವನ ದೋಸೆ ಎರಡು ಹೆಚ್ಚಿಗೇ ತಿಂದಳು.

ಕೈ ತೊಳೆದು ಬರುವಷ್ಟರಲ್ಲಿ ಪ್ರಣಾಲಿ ಬಾಗಿಲಲ್ಲಿ ನಿಂತಿದ್ದಳು. ಮುಖದಲ್ಲಿ ರಕ್ತವಿರಲಿಲ್ಲ. ತನ್ನ ಕ್ಲಾಸ್ ಟೀಚರ ಫೋನಿನಲ್ಲಿ ಆ ಫೋಟೋ ನೋಡಿ ಬಂದಿದ್ದಳು. ಷರಾ ಕಾಲಮ್ಮು ಕೂಡ ಬಂದುಬಿಟ್ಟಿದೆ, ದೊಡ್ಡದು ಮಾಡಿದರೆ ಪೂರಾ ಓದಬಹುದು ಎಂದಳು.

ವಸುಧಾ ಫೋನು ಕೈಗೆತ್ತಿಕೊಂಡಳು. ಗಡಿಬಿಡಿಯಲ್ಲಿ ಫೋಟೋದ ಮೇಲೆ ಬೆರಳೊತ್ತಿ ಹಿಡಿದಳು. ಕಸದ ಡಬ್ಬಿಯ ಗುರುತು ಕಂಡಿತು, ಒತ್ತಿದಳು. ಫೋನು ಏನನ್ನೋ ಕೇಳಿತು. ಎರಡು ಮೂರು ಸಾಲುಗಳಿದ್ದವು, ಓದಿ ನೋಡಲಿಲ್ಲ. ಒಂದನ್ನು ಒತ್ತಿಬಿಟ್ಟಳು. ಫೋಟೋ ಮಾಯವಾಯಿತು.

"ಎಲ್ಲಾರ ಫೋನಿಂದ್ಲೂ ಅಳಿಸಿದ್ರಿ ತಾನೆ, ಮ್ಯಾಡಂ?" ಪ್ರಣಾಲಿ ಹತ್ತಿರ ಬಂದಳು. "ಇಲ್ಲಾಂದ್ರೆ ಹೇಳ್ಬಿಡಿ. ಈಗ್ಲೇ ಮನೆಗೆ ಓಡಿ ಆಯಿನ ತಡೀತೀನಿ. ಮಂದಾಬಾಯಿನೂ ಗುಂಪಲ್ಲಿದಾಳೆ, ಸಭೆಗೂ ಬರ್ತಾಳೆ."

ತಾನು ಒತ್ತಿದ್ದು ಯಾವುದೆಂದು ವಸುಧಾಳಿಗೆ ಗೊತ್ತಿರಲಿಲ್ಲ. ಆ ಒಂದು ಮಾತು ನಾಲಗೆಯ ತುದಿಗೆ ಬಂದು ಅಲ್ಲೇ ನಿಂತಿತು. ಒಂಬತ್ತನೆಯ ತರಗತಿಯ ಹುಡುಗಿಯ ಮುಂದೆ ಹೇಗೆ ಹೇಳುವುದು? ಫೋನನ್ನು ಡ್ರಾವರಿಗೆ ಹಾಕಿ ಮುಚ್ಚಿದಳು.

"ಹೂಂ, ಎಲ್ಲಾರದ್ದೂ ಹೋಯ್ತು. ನಡಿ ಕ್ಲಾಸಿಗೆ."

ಹುಡುಗಿ ನಂಬಿದಳು. ಗ್ರಂಥಾಲಯದ ಮ್ಯಾಡಂ ಹೇಳಿದ ಮೇಲೆ ನಂಬದೆ ಇರುತ್ತಾಳೆಯೇ? ಕಣ್ಣೊರೆಸಿಕೊಂಡು ಕ್ಲಾಸಿಗೆ ಹೋದಳು. ಆಮೇಲೂ ಎರಡು ಗಂಟೆ ಹೊತ್ತಿತ್ತು. ಪಕ್ಕದ ಕೋಣೆಯ ಗುಮಾಸ್ತನ ಫೋನಿನಲ್ಲಿ ಫೋಟೋ ಉಳಿದಿದೆಯೇ ಎಂದು ಕೇಳಿದ್ದರೆ ತಿಳಿಯುತ್ತಿತ್ತು. ವಸುಧಾ ಎರಡು ಸಲ ಎದ್ದಳು, ಎರಡು ಸಲವೂ ಕೂತಳು.

ಸುಗಂಧಾ ಗಂಜಿ ಹಾಕಿದ ಸೀರೆಯುಟ್ಟು, ಅಬ್ಬಲಿಗೆ ಮುಡಿದು ಸಭೆಗೆ ಬಂದಳು. ವಸುಧಾ ಹಾಜರಿಯ ಹಾಳೆ ಹಿಡಿದು ಮೂಲೆಯ ಮೇಜಿನಲ್ಲಿದ್ದಳು. ಹೆಡ್‌ಮಾಸ್ತರರು ಇನ್ನೂ ಬಂದಿರಲಿಲ್ಲ. ಮಂದಾ ತಾಂಡೇಲ್ ಸಭೆಯ ಕಾಗದವನ್ನು ಸುಗಂಧಾಳ ಮಡಿಲಿಗಿಟ್ಟು, ನಮ್ಮ ಆಗೋ ಅಧ್ಯಕ್ಷರೇ ಓದಿ ಹೇಳಲಿ ಎಂದಳು.

ಕನ್ನಡಕ ಮರೆತು ಬಂದೆ ಎಂದಳು ಸುಗಂಧಾ.

"ಕನ್ನಡಕ ಯಾಕೆ ಮಾರಾಯ್ತಿ? ಒಂದನೇ ಕ್ಲಾಸಿನ ಪುಸ್ತಕದಲ್ಲಿ ಅಕ್ಷರ ಇಷ್ಟಿಷ್ಟು ದಪ್ಪ ಇರ್ತಾವಲ್ಲ." ಮಂದಾ ತನ್ನ ಫೋನನ್ನು ಎತ್ತಿ ಸುತ್ತಲಿನವರಿಗೆ ತೋರಿಸಿದಳು. ಷರಾ ಕಾಲಮ್ಮು ಪರದೆಯ ತುಂಬ ನಿಂತಿತ್ತು. "ಎಷ್ಟನೇ ಪಾಠಕ್ಕೆ ಬಂದಿದೀಯ?"

ನಗೆ ಹಿಂದಿನ ಸಾಲಿನವರೆಗೂ ಹೋಯಿತು. ಸುಗಂಧಾ ಕಾಗದವನ್ನು ಮೆಲ್ಲಗೆ ಬೆಂಚಿನ ಮೇಲಿಟ್ಟು ಎದ್ದಳು. ಹೋಗುವಾಗ ಒಮ್ಮೆ ವಸುಧಾಳನ್ನು ನೋಡಿದಳು. ಆಗಲಾದರೂ ಎದ್ದು ನಿಂತು, ತಪ್ಪು ನನ್ನದು ಎನ್ನಬಹುದಿತ್ತು. ವಸುಧಾ ತಲೆ ಬಗ್ಗಿಸಿ, ಹಾಜರಿಯ ಹಾಳೆಯಲ್ಲಿ ಆಗಲೇ ಎಣಿಸಿದ್ದ ಸಹಿಗಳನ್ನು ಮತ್ತೆ ಎಣಿಸಿದಳು. ಆ ಎಣಿಕೆ ನೆನಪಾದಾಗಲೆಲ್ಲ ಅವಳಿಗೆ ತನ್ನ ಮೇಲೇ ಹೇಸಿಗೆಯಾಗುತ್ತಿತ್ತು.

ಮರುದಿನದಿಂದ ಓಣಿಯಲ್ಲಿ ಸುಗಂಧಾಳ ಕೂಗು ಕೇಳಲಿಲ್ಲ. ಸಂಘಕ್ಕೆ ಅವಳು ಹೆಸರು ವಾಪಸು ತೆಗೆದುಕೊಂಡಳೆಂದೂ ಮಂದಾಳೇ ಅಧ್ಯಕ್ಷೆಯೆಂದೂ ಸುದ್ದಿ ಬಂತು. ಗುರುವಾರ ಪ್ರಣಾಲಿ ಬಂದು ಪುಸ್ತಕವನ್ನು ಮೇಜಿನ ಮೇಲಿಟ್ಟಳು.

"ನಿಮ್ಮ ಫೋನಿಂದ ಮಾತ್ರ ಹೋಗಿತ್ತು, ಮ್ಯಾಡಂ," ಎಂದಳು, ತಗ್ಗಿದ ದನಿಯಲ್ಲಿ. "ಗೊತ್ತಿಲ್ಲ ಅಂದಿದ್ರೆ ಸಾಕಿತ್ತು. ನಾನು ಓಡಿರ್ತಿದ್ದೆ."

ಅವಳು ಹೋದ ಮೇಲೆ ವಸುಧಾ ಪುಸ್ತಕ ತೆರೆದಳು. ಅಚ್ಚಿನ ಅಕ್ಷರಗಳ ಮೇಲೆ ಪೆನ್ಸಿಲಿನಿಂದ ತಿದ್ದಿದ ಗುರುತು, ಪುಟಪುಟಕ್ಕೂ ನೆಟ್ಟಗಾಗುತ್ತ ಬಂದಿತ್ತು. ಹನ್ನೊಂದನೆಯ ಪುಟದ ಅಂಚಿನಲ್ಲಿ ಸುಗಂಧಾ ತನ್ನ ಹೆಸರು ಬರೆಯಲು ಹೊರಟಿದ್ದಳು. ಎರಡಕ್ಷರವಾಗಿತ್ತು. ಮೂರನೆಯದು ಇರಲಿಲ್ಲ. ಮುಂದಿನ ಪುಟಗಳಲ್ಲಿ ಪೆನ್ಸಿಲಿನ ಗುರುತೇ ಇರಲಿಲ್ಲ. ವಸುಧಾ ಕಪಾಟಿನ ಹಿಂದೆ ನಿಂತು ಸೆರಗು ಬಾಯಿಗೊತ್ತಿಕೊಂಡು ಅತ್ತಳು.

ಮರುದಿನ ಬೆಳಿಗ್ಗೆ ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡು ಮೀನು ಪೇಟೆಗೆ ಹೋದಳು. ಸುಗಂಧಾ ಸುರಮೈ ಮೀನು ಕೊಯ್ಯುತ್ತಿದ್ದಳು. ಗಿರಾಕಿ ಹೋಗುವವರೆಗೂ ತಲೆಯೆತ್ತಲಿಲ್ಲ.

"ಯಾವುದು ಒತ್ತಿದೆ ಅಂತ ನಂಗೆ ಗೊತ್ತಿರ್ಲಿಲ್ಲ ಸುಗಂಧಾ," ಎಂದಳು ವಸುಧಾ. "ಗೊತ್ತು ಅಂತ ಮಗೂಗೆ ಸುಳ್ಳು ಹೇಳ್ದೆ. ನಾಚಿಕೆಯಾಯ್ತು ನಂಗೆ."

ಸುಗಂಧಾ ಕತ್ತಿ ಕೆಳಗಿಟ್ಟಳು. "ನಂಗಿಲ್ವಾ ನಾಚಿಕೆ, ವೈನಿ? ಕನ್ನಡಕ ಮರೆತೆ ಮರೆತೆ ಅಂತ ಇಪ್ಪತ್ತು ವರ್ಷ ನಾನೂ ಸುಳ್ಳೇ ಹೇಳ್ದೆ. ನನ್ನ ಸುಳ್ಳಿಂದ ಇನ್ನೊಬ್ಬರ ಮಾನ ಹೋಗ್ಲಿಲ್ಲ."

ವಸುಧಾ ಚೀಲದಿಂದ ಫೋನು ತೆಗೆದಳು. ಗುಂಪಿನಲ್ಲಿ ಎಲ್ಲರಿಗೂ ಹೇಳಬೇಕು, ನಿನಗೂ ಕೇಳಿಸುವ ಹಾಗೆ ಬಾಯಲ್ಲೇ ಹೇಳಬೇಕು ಎಂದಳು. ಆಮೇಲೆ, "ಮಾತು ಕಳ್ಸೋದು ಹೇಗೆ ಅಂತ ನಂಗೆ ಗೊತ್ತಿಲ್ಲ," ಎಂದಳು.

ಸುಗಂಧಾ ಅವಳ ಮುಖವನ್ನೇ ನೋಡಿದಳು. ಬರೆಯಲು ಬಾರದವಳಿಗೆ ಫೋನಿನಲ್ಲಿ ದಿನವೂ ಬಳಕೆಗೆ ಬರುತ್ತಿದ್ದದ್ದು ಈ ಮಾತು ಕಳಿಸುವುದೊಂದೇ. ಕೈಗಂಟಿದ ಮೀನಿನ ಹುರುಪೆಯನ್ನು ಸೀರೆಗೆ ಒರೆಸಿಕೊಂಡು ಮೈಕಿನ ಗುರುತು ತೋರಿಸಿದಳು. "ಇದನ್ನ ಒತ್ತಿ ಹಿಡೀರಿ. ಮಾತಾಡಿ ಮುಗಿಯೋ ತನಕ ಬಿಡಬೇಡಿ. ಬಿಟ್ರೆ ಹೋಯ್ತು."

"ನಿನ್ನ ಹೆಸರು ಹೇಳ್ಲಾ?"

"ಈಗ ಕೇಳ್ತೀರಲ್ಲ," ಎಂದಳು ಸುಗಂಧಾ. "ಹೇಳಿ. ಉಳಿದಿರೋದೇನಿದೆ."

ವಸುಧಾ ಒತ್ತಿ ಹಿಡಿದು ಎಲ್ಲವನ್ನೂ ಹೇಳಿದಳು. ಫೋಟೋ ಹಾಕಿದ್ದು, ಅಳಿಸಲು ಬಾರದಿದ್ದದ್ದು, ಸುಳ್ಳು ಹೇಳಿದ್ದು, ಸಭೆಯಲ್ಲಿ ತಲೆ ತಗ್ಗಿಸಿ ಕೂತದ್ದು. ಸುಗಂಧಾ ಕಲಿಯುತ್ತಿದ್ದಳು, ಅದರಲ್ಲಿ ನಗುವಂಥದ್ದೇನೂ ಇರಲಿಲ್ಲ ಎಂದಳು. ಬೆರಳು ಬಿಟ್ಟಳು. ಹೋಯಿತು.

ಪುಸ್ತಕವನ್ನು ಚೀಲದಿಂದ ತೆಗೆದು ಚಾಚಿದಳು. ಸುಗಂಧಾ ಅದನ್ನು ನೋಡಿದಳು, ಮುಟ್ಟಲಿಲ್ಲ. ಕೈಯೆಲ್ಲ ಮೀನು, ಸದ್ಯಕ್ಕೆ ನಿಮ್ಮ ಹತ್ತಿರವೇ ಇರಲಿ ಎಂದು ಮುಂದಿನ ಗಿರಾಕಿಯ ಕಡೆಗೆ ತಿರುಗಿದಳು.

ಶಾಲೆಗೆ ಬಂದು ವಸುಧಾ ರಿಜಿಸ್ಟರು ತೆರೆದಳು. ಆ ಪುಸ್ತಕದ ಎದುರು 'ಮರಳಿದೆ' ಎಂದು ಬರೆಯಲು ಕೈ ಬರಲಿಲ್ಲ. ಮುಂದಿನ ಸಾಲಿನಲ್ಲಿ ಅದನ್ನು ತನ್ನ ಹೆಸರಿಗೆ ಬರೆದುಕೊಂಡಳು, ಷರಾ ಕಾಲಮ್ಮನ್ನು ಖಾಲಿ ಬಿಟ್ಟಳು. ಮೂವತ್ತೊಂದು ವರ್ಷದಲ್ಲಿ ಅದೇ ಮೊದಲು.