ಕಡ್ಡಾಯ ಬೀಗ

ತೀರಿಕೊಂಡ ಸಹೋದ್ಯೋಗಿಯ ಮನೆ ಬಾಗಿಲಲ್ಲಿ ಚಪ್ಪಲಿ ಬಿಡುತ್ತಲೇ, ಆಫೀಸಿನಲ್ಲಿ ಅವರ ಎದುರು ಮೇಜಿನವನು ಫೋನಿನಲ್ಲಿ ಪಿಸುಗುಟ್ಟಿದ. "ಸಾರ್, ನಾನಿನ್ನೂ ಒಳಗೇ ಹೋಗಿಲ್ಲ."

"ಹೋದ ತಕ್ಷಣ ಅವರ ಕಂಪ್ಯೂಟರ್ ಆಫ್ ಮಾಡ್ಸಿ. ಅದು ಆನ್ ಇರೋವರೆಗೂ ಕೈಪಿಡಿಯ ಆ ಫೈಲು ನಮ್ಮನ್ನ ಓದೋಕೂ ಬಿಡಲ್ಲ, ಬರೆಯೋಕೂ ಬಿಡಲ್ಲ," ಎಂದರು ಮ್ಯಾನೇಜರ್. "ಆಮೇಲೆ ಆ ಅಧ್ಯಾಯ ನಿಮ್ದೇ. ಮುಗಿಸಿಕೊಡಿ."

ನಿಮ್ದೇ! ಸಾವಿನ ಮನೆಯ ಬಾಗಿಲಲ್ಲಿ ನಿಂತು ಅವನಿಗೆ ಒಳಗೊಳಗೇ ಖುಷಿಯಾಯಿತು. ಆಗಿದ್ದು ನಿಜ, ಮುಚ್ಚಿಟ್ಟು ಏನು ಪ್ರಯೋಜನ.

ನಡುಮನೆಯಲ್ಲಿ ಮಲಗಿಸಿದ್ದವರನ್ನು ಆಫೀಸಿನಲ್ಲಿ ಎಲ್ಲರೂ ಬೀಗದ ಮೇಷ್ಟ್ರು ಎನ್ನುತ್ತಿದ್ದರು. ಒಬ್ಬರು ಬರೆಯುತ್ತಿರುವ ಫೈಲಿಗೆ ಇನ್ನೊಬ್ಬರು ಕೈ ಹಾಕದಂತೆ ತಡೆಯುವ ಬೀಗಗಳ ಬಗ್ಗೆ ಬರೆದೂ ಬರೆದೂ ಆ ಹೆಸರು ಅಂಟಿತ್ತು. ಕಂಪ್ಯೂಟರು ಫೈಲುಗಳನ್ನು ಜೋಡಿಸಿಡುವ ಫೈಲ್ ಸಿಸ್ಟಮ್ಮಿನ ಕೈಪಿಡಿ ಬರೆಯುವುದು ಅವರ ಕೆಲಸವೂ ಹೌದು, ಇವನ ಕೆಲಸವೂ ಹೌದು. ಆದರೆ ಜನ ಓದುತ್ತಿದ್ದುದು ಮೇಷ್ಟ್ರದ್ದನ್ನು. ಗೋಡೆಗೊರಗಿ ನಿಂತ ಇಬ್ಬರು ಪ್ರೋಗ್ರಾಮರುಗಳು ಈಗಲೂ ಅದನ್ನೇ ಮಾತಾಡಿಕೊಳ್ಳುತ್ತಿದ್ದರು.

"ಮಾಮೂಲಿ ಬೀಗ ಅಂದ್ರೆ ಬಸ್ಸಿನ ಸೀಟಿಗೆ ಹಾಕಿದ ಕರ್ಚೀಫು, ಮರ್ಯಾದಸ್ಥರು ಮಾತ್ರ ಬಿಟ್ಟುಕೊಡ್ತಾರೆ ಅಂತ ಹಳೇ ಕೈಪಿಡೀಲಿ ಬರೆದಿದ್ರಲ್ಲ!"

"ಕಡ್ಡಾಯ ಬೀಗ ಅಂದ್ರೆ ಕಂಡಕ್ಟರೇ ಅಡ್ಡ ನಿಂತ ಹಾಗೆ. ನಂಗೆ ಅರ್ಥ ಆಗಿದ್ದೇ ಆ ಸಾಲಿಂದ ಕಣೋ."

ಎದುರು ಮೇಜಿನವನ ಹೊಟ್ಟೆಯಲ್ಲಿ ಕಿಚ್ಚು ಹೊತ್ತಿತು. ಕಡ್ಡಾಯ ಬೀಗದ ಬಗ್ಗೆ ಅವನೂ ಪುಟಗಟ್ಟಲೆ ಬರೆದಿದ್ದ. ಕರ್ಚೀಫು ಮಾತ್ರ ಹೊಳೆದಿರಲಿಲ್ಲ. ಸತ್ತ ಮೇಲೂ ಹೊಗಳಿಕೆ ಇವರಿಗೇ!

* * *

ಕೆಲವು ತಿಂಗಳ ಹಿಂದೆ, ಹೊಸ ಕೈಪಿಡಿಯ ಕಡ್ಡಾಯ ಬೀಗದ ಅಧ್ಯಾಯ ತನಗೆ ಬೇಕೆಂದು ಅವನು ಮೀಟಿಂಗಿನಲ್ಲಿ ಬಾಯಿಬಿಟ್ಟು ಕೇಳಿದ್ದ. ಮೇಷ್ಟ್ರು ಕನ್ನಡಕ ಒರೆಸುತ್ತಾ, "ನಾನು ಬಳಸದೇ ಇರೋದನ್ನ ಬರೆಯಲ್ಲಪ್ಪ. ಮೊದಲು ಆಫೀಸಲ್ಲಿ ಎಲ್ಲರೂ ಬಳಸೋ ನಮ್ಮ ಡಿಸ್ಕಿಗೇ ಆ ಬೀಗ ಹಾಕಿ ನೋಡೋಣ," ಎಂದಿದ್ದರು. ಮ್ಯಾನೇಜರ್ ತಲೆದೂಗಿದರು. ಅಧ್ಯಾಯ ಮೇಷ್ಟ್ರ ಪಾಲಾಯಿತು.

ಆ ಬೀಗ ಬಂದ ಮೇಲೆ, ಯಾರಾದರೂ ಫೈಲು ತೆರೆದಿಟ್ಟು ಊಟಕ್ಕೆ ಹೋದರೆ ಅದನ್ನು ಮುಟ್ಟಲಾಗದೆ ಉಳಿದವರು ಮುಖ ಮುಖ ನೋಡಿಕೊಂಡು ಕೂರಬೇಕಾಯಿತು. ಆಫೀಸಿಗೆ ಆಫೀಸೇ ಬೈಯಿತು. ಮೇಷ್ಟ್ರು ಆ ಬೈಗುಳಗಳನ್ನೆಲ್ಲ ಖುಷಿಯಿಂದ ಕೈಪಿಡಿಯ 'ಎಚ್ಚರಿಕೆಗಳು' ಭಾಗಕ್ಕೆ ಸೇರಿಸಿಕೊಂಡರು. ಕಾಯಿಲೆ ಬಿದ್ದ ಮೇಲೆ ಮನೆಯಿಂದಲೇ ಕೆಲಸ. ಅಧ್ಯಾಯದ ಫೈಲು ಅವರ ಕಂಪ್ಯೂಟರಿನಲ್ಲಿ ಸದಾ ತೆರೆದೇ ಇರುತ್ತಿತ್ತು, ಬೀಗ ಬಿಡುತ್ತಲೇ ಇರಲಿಲ್ಲ.

"ಇನ್ನೂ ಮುಗಿದಿಲ್ವಾ ಮೇಷ್ಟ್ರೇ?" ಎಂದು ಇವನು ಫೋನು ಮಾಡಿದರೆ, "ಸ್ವಲ್ಪ ಇದೆ, ಸ್ವಲ್ಪ ಇದೆ," ಎನ್ನುತ್ತಿದ್ದರು.

* * *

ಒಳಕೋಣೆಯಲ್ಲಿ ಕಂಪ್ಯೂಟರ್ ಗುಂಯ್ ಎನ್ನುತ್ತಿತ್ತು. ಅವನು ಸ್ವಿಚ್ಚಿನ ಮೇಲೆ ಬೆರಳಿಡುವಷ್ಟರಲ್ಲಿ ಮೇಷ್ಟ್ರ ಹೆಂಡತಿ ಬಾಗಿಲಿಗೆ ಬಂದರು. ಅತ್ತೂ ಅತ್ತೂ ದನಿ ಬಿದ್ದುಹೋಗಿತ್ತು.

"ಆಫ್ ಮಾಡ್ತೀರಾ ಅಣ್ಣ? ಆಸ್ಪತ್ರೆಗೆ ಹೋಗುವಾಗಲೂ ಮುಟ್ಟಬೇಡ ಅಂದಿದ್ರು."

"ಅಧ್ಯಾಯ ಅರ್ಧಕ್ಕೇ ನಿಂತಿದೆಯಲ್ಲಮ್ಮ. ನಾನು ಮುಗಿಸ್ತೀನಿ."

"ಅರ್ಧಕ್ಕಾ? ಅದು ಮುಗಿದು ಎಷ್ಟೋ ದಿನ ಆಯ್ತಲ್ಲ." ಅವರು ಕಣ್ಣೊರೆಸಿಕೊಂಡರು. "ಸುಮ್ನೆ ತೆರೆದಿಟ್ಟುಕೊಂಡು ಕೂತಿರ್ತಿದ್ರು. ಮುಚ್ಚಿ ಮಲಗಿ ಅಂದ್ರೆ, 'ಮುಚ್ಚಿದ್ರೆ ಅವನು ಕೈ ಹಾಕ್ತಾನೆ, ನನಗಿಂತ ಚೆನ್ನಾಗಿ ಬರೆದುಬಿಡ್ತಾನೆ ಕಣೆ,' ಅನ್ನೋರು. ಎಂಥಾ ಹೊಟ್ಟೆಕಿಚ್ಚು ನೋಡಿ! ಹುಷಾರಿಲ್ಲದ ಮನುಷ್ಯ ನಿದ್ದೆಗೆಟ್ಟು ಕಾವಲು ಕೂರೋದಾ?"

ಅವನ ಬೆರಳು ಅಲ್ಲೇ ನಿಂತಿತು. ಇಷ್ಟು ವರ್ಷ ಹಾತೊರೆದ ಮೆಚ್ಚುಗೆ, ಅದೂ ಹೀಗೆ! ಕೊಟ್ಟವರು ಪಕ್ಕದ ನಡುಮನೆಯಲ್ಲಿ ಮಲಗಿದ್ದರು. ಹೋಗಿ ಜಗಳವಾಡುವಂತೆಯೂ ಇರಲಿಲ್ಲ.

"ಆ 'ಅವನು' ಯಾರು ಅಂತ ಕೊನೆವರೆಗೂ ಹೇಳಲಿಲ್ಲ. ನಿಮ್ಮ ಆಫೀಸಿನವನೇ ಇರಬೇಕು. ನಿಮಗೆ ಗೊತ್ತಾ ಅಣ್ಣ? ಬಂದಿದ್ದಾನಾ ಇವತ್ತು?"

ಜೇಬಿನಲ್ಲಿ ಮತ್ತೆ ಫೋನು ಹೊಡೆದುಕೊಳ್ಳತೊಡಗಿತು. ಅವನು ಸ್ವಿಚ್ಚಿನಿಂದ ಕೈ ತೆಗೆದ.

"ಬಂದಿದ್ದಾನೆ," ಎಂದ.

ಅವರು ಕಿಟಕಿಯ ಪರದೆ ಸರಿಸಿ, ಹೊರಗೆ ನಿಂತಿದ್ದ ಗಂಡಸರ ಮುಖಗಳನ್ನು ಒಂದೊಂದಾಗಿ ನೋಡತೊಡಗಿದರು.